ಕಣ್ಣ ಹಿಂದಿನ ಕನ್ನಡಿ

"ಏನ್ ಕಂಡು ಓಡಾಕತ್ತಾವಪ್ಪಾ ಇವು?"

ಲಕ್ಕಪ್ಪ ಯಾರನ್ನೂ ಕೇಳಿದ್ದಲ್ಲ. ಬಲೆ ಕಟ್ಟಿದ ಹಟ್ಟಿಯ ಹೊರಗೆ ಅವನೊಬ್ಬನೇ ನಿಂತಿದ್ದ. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಒಳಗೆ ದೀಪದ ಬೆಳಕಿನಲ್ಲಿ ಇನ್ನೂರಕ್ಕೂ ಹೆಚ್ಚು ಕುರಿಗಳು ಒಂದರ ಮೇಲೊಂದು ಏರಿ ಆಚೆ ಬದಿಯ ಬಲೆಗೆ ಒತ್ತಿಕೊಂಡಿದ್ದವು. ಅವನು ಎಡಕ್ಕೆ ಹೆಜ್ಜೆ ಇಟ್ಟರೆ ಹಿಂಡು ಬಲಕ್ಕೆ ಸರಿಯುತ್ತಿತ್ತು, ಬಲಕ್ಕೆ ಇಟ್ಟರೆ ಎಡಕ್ಕೆ. ಹಗಲೆಲ್ಲ ಇವೇ ಕುರಿಗಳು ಅವನ ಬೆನ್ನಿಗೆ ಬಿದ್ದು ಮೇಯ್ದಿದ್ದವು. ಕುಂಟುಗಾಲಿನ ಬಿಳಿ ಕುರಿಯಂತೂ ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಅವನ ಕಂಬಳಿಯ ತುದಿ ಅಗಿಯುತ್ತ ಕೂತಿತ್ತು. ಈಗ ಅದೇ ಕುರಿ ಎಲ್ಲಕ್ಕಿಂತ ಮೊದಲು ಓಡಿ, ಎಲ್ಲಕ್ಕಿಂತ ದೂರ ನಿಂತು, ಕುತ್ತಿಗೆ ನೀಳ ಮಾಡಿ ಅವನನ್ನೇ ನೋಡುತ್ತಿತ್ತು.

ಲಕ್ಕಪ್ಪ ಹಾಡಿದ. ಸಂಜೆ ಕುರಿ ಹಟ್ಟಿಗೆ ಸೇರುವಾಗ ಅವನ ತಾಯಿ ಹಾಡುತ್ತಿದ್ದ ದೇವರ ಪದ ಅದು. ಮಳೆ ಬೇಡಿ, ಮರಿ ಬೇಡಿ, ಕೊನೆಗೆ ಏನೂ ಬೇಡದೆ ಬರೀ ಹೆಸರು ಕರೆಯುವ ಪದ. ಕಿವಿಗಳು ನಿಮಿರಿದವು. ನಾಲ್ಕು ಕುರಿ ಎರಡು ಹೆಜ್ಜೆ ಮುಂದೆ ಬಂದವು. ಅವನಿಗೆ ಎದೆ ತುಂಬಿ ಬಂತು. ತಲೆ ಎತ್ತಿ ನೋಡಿದ. ಅಷ್ಟೇ. ಮೂಲೆಯ ಗೂಟ ಕಿತ್ತು ಬಂತು, ಬಲೆ ನೆಲಕ್ಕೆ ಬಿತ್ತು, ಶೇಂಗಾ ಕಿತ್ತ ಹೊಲದ ಮೇಲೆ ಇಡೀ ಹಿಂಡು ಕಟ್ಟೆ ಒಡೆದ ಕೆರೆಯಂತೆ ಹರಿದು ಹೋಯಿತು.

ಕುರಿಗಳನ್ನೆಲ್ಲ ಕೂಡಿಸಿ ತರುವಷ್ಟರಲ್ಲಿ ಬೆಳಗಾಯಿತು. ತುಳಿತಕ್ಕೆ ಸಿಕ್ಕ ಎರಡು ಗಬ್ಬದ ಕುರಿಗಳು ಮೈಮೇಲೆ ಕೂದಲೂ ಬಾರದ ಮರಿಗಳನ್ನು ಹೊತ್ತಿಗೆ ಮುಂಚೆ ಹಾಕಿಬಿಟ್ಟಿದ್ದವು. ಅಣ್ಣ ದ್ಯಾಮಣ್ಣ ಅವನ್ನು ಹೂಳಿ, ಕೈ ತೊಳೆದು ಬಂದು, ತಮ್ಮನ ಎದುರು ಕೂತ. ಬಯ್ಯಲಿಲ್ಲ. ಬಯ್ದಿದ್ದರೆ ಲಕ್ಕಪ್ಪನಿಗೆ ಹಗುರವಾಗುತ್ತಿತ್ತು.

"ತಮ್ಮಾ, ಮೊದಲ ನಿನಗ ಹೊತ್ತು ಮುಣುಗಿದ್ರ ಕಾಣ್ತಿರಲಿಲ್ಲ. ನಿನ್ನ ಪಾಳಿ ನಾವ ಕಾದ್ವಿ. ಈಗ ಕಾಣ್ತೈತಿ, ಆದ್ರ ನೀ ಬಂದ್ರ ಕುರಿ ನಿಲ್ಲವಲ್ವು. ಯಾವದು ಚಲೋ, ನೀನ ಹೇಳು."

ಲಕ್ಕಪ್ಪ ಕಿತ್ತು ಬಂದ ಗೂಟದ ಮಣ್ಣು ಕೆರೆಯತೊಡಗಿದ.

"ಎಳ್ಳ ಅಮಾಸಿ ಮಟಾ ನೋಡೂನು. ಆಮ್ಯಾಲ ನೀ ಊರಾಗಿರು."

ಅವರ ಮನೆತನದಲ್ಲಿ ಅದೊಂದು ಕಟ್ಟಳೆ. ಮೂವರು ಅಣ್ಣತಮ್ಮಂದಿರ ಹಿಂಡು ಒಂದೇ. ಆದರೆ ರಾತ್ರಿಯ ಪಾಳಿ ಕಾಯುವವನು ಮಾತ್ರ ಹಿಂಡಿನ ಜೊತೆ ತಿರುಗಬೇಕು. ಕಾಯಲಾಗದವನು ಕೋಲು ಕೊಟ್ಟು ಊರು ಸೇರಬೇಕು. ಹನ್ನೆರಡನೇ ವಯಸ್ಸಿನಿಂದ ಮೂವತ್ತನಾಲ್ಕು ವರ್ಷ ಹಿಂಡಿನ ಹಿಂದೆ ನಡೆದ ಲಕ್ಕಪ್ಪನಿಗೆ ಊರೆಂದರೆ ಹಬ್ಬಕ್ಕೆ ಹೋಗಿ ಬರುವ ಜಾಗ. ಅಲ್ಲಿ ದಿನಾ ಬೆಳಗ್ಗೆ ಎದ್ದು ಏನು ಮಾಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

*

ಧಾರವಾಡದ ಪ್ರಯೋಗಾಲಯದಲ್ಲಿ ಡಾಕ್ಟರ್ ಅನಸೂಯಾ ಕಮತಗಿ ಫೋನ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು.

"ಏನಂದ ಲಕ್ಕಪ್ಪ, ಮೇಡಂ?" ಎಂದ ಇಮ್ತಿಯಾಜ್. ಗಾಜಿನ ತಟ್ಟೆಗಳಲ್ಲಿ ಕೋಶ ಬೆಳೆಸುವ ಕೆಲಸ ಅವನದು.

"ತನಗ ಎಲ್ಲಾ ಚಲೋ ಕಾಣ್ತದಂತ. ಕುರಿಗೆ ಮಾತ್ರ ತಾನು ಚಲೋ ಕಾಣವಲ್ಲೆ ಅಂದ."

ಗೋಡೆಯ ಮೇಲೆ ಲಕ್ಕಪ್ಪನ ಫೋಟೊ ಇತ್ತು. ಕತ್ತಲ ಕೋಣೆಯಲ್ಲಿ ತೆಗೆದದ್ದು; ಮುಖ ಮಸುಕು, ಎರಡು ಕಣ್ಣು ಮಾತ್ರ ಹಸಿರುಹಳದಿಯಾಗಿ ಉರಿಯುತ್ತಿದ್ದವು. ಶ್ರಾವಣದಲ್ಲಿ ಅವನ ಕಣ್ಣಿಗೆ ಕಸಿ ಮಾಡಿ, ದಸರೆಯ ಮುನ್ನಾದಿನ ಆ ಹೊಳಪು ಕಂಡಾಗ ಇಡೀ ತಂಡ ಚಪ್ಪಾಳೆ ತಟ್ಟಿತ್ತು. ಅನಸೂಯಾ ಅಂದು ಮನೆಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದಳು.

ಮನುಷ್ಯನ ಕಣ್ಣಿನ ಹಿಂಬದಿ ಕಪ್ಪು. ರೆಟಿನಾವನ್ನು ದಾಟಿದ ಬೆಳಕು ಆ ಕಪ್ಪಿಗೆ ಬಿದ್ದು ಅಲ್ಲೇ ಇಂಗಿ ಹೋಗುತ್ತದೆ. ತೋಳದ ಕಣ್ಣಿನಲ್ಲಿ ಹಾಗಲ್ಲ. ರೆಟಿನಾದ ಹಿಂದೆ ಚಪ್ಪಟೆ ಕೋಶಗಳು ಇಟ್ಟಿಗೆ ಪೇರಿಸಿದಂತೆ ಹತ್ತು ಹದಿನೈದು ಸಾಲು ಕೂತಿರುತ್ತವೆ. ಒಂದೊಂದು ಕೋಶದೊಳಗೂ ಸತು ತುಂಬಿದ ಸಾವಿರಾರು ಸಣ್ಣ ಕಡ್ಡಿಗಳು, ಒಂದೇ ಅಳತೆ, ಒಂದೇ ಅಂತರ. ಅದೊಂದು ಕನ್ನಡಿ. ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ಕಳಿಸುತ್ತದೆ. ಮಬ್ಬಿನಲ್ಲಿ ಕಾಣುವ ದಂಡಕೋಶಗಳಿಗೆ ಅದೇ ಬೆಳಕು ಎರಡನೇ ಸಲ ಸಿಗುತ್ತದೆ. ಲಕ್ಕಪ್ಪನಂಥ ಇರುಳುಗಣ್ಣಿನವರಲ್ಲಿ ದಂಡಕೋಶಗಳು ಒಂದೊಂದಾಗಿ ಸಾಯುತ್ತ, ನೂರಕ್ಕೆ ಮೂವತ್ತು ಉಳಿದಿರುತ್ತವೆ. ಆ ಮೂವತ್ತಕ್ಕೆ ಒಂದು ಕನ್ನಡಿ ಕೊಟ್ಟರೆ? ಅನಸೂಯಾಳ ಒಂಬತ್ತು ವರ್ಷ ಆ ಒಂದು ಪ್ರಶ್ನೆಯಲ್ಲಿ ಕಳೆದಿತ್ತು.

ನರಿಯ ಕೋಶ ತಟ್ಟೆಯಲ್ಲಿ ಎಂಟು ಸಲ ಒಡೆದು ಎರಡಾಗಿ ಸುಸ್ತಾಗುತ್ತಿತ್ತು. ಕಾಡುನಾಯಿಯದು ಬೆಳೆಯುತ್ತಿತ್ತು, ಸಾಲಾಗಿ ಕೂರುತ್ತಿರಲಿಲ್ಲ. ಊರನಾಯಿಯ ಪದರ ಒಂದೊಂದರಲ್ಲಿ ಒಂದೊಂದು ದಪ್ಪ, ಅದನ್ನು ನೆಚ್ಚುವಂತಿರಲಿಲ್ಲ. ಕೊನೆಗೆ ಕೊಪ್ಪಳದ ಕಡೆ ಹೆದ್ದಾರಿಯಲ್ಲಿ ಲಾರಿ ಬಡಿದು ಸತ್ತ ಒಂದು ಹೆಣ್ಣು ತೋಳದ ಕಣ್ಣು ಸಿಕ್ಕಿತು. ಅದರ ಕೋಶಗಳು ಮೊದಲ ವಾರವೇ ಶಿಸ್ತಾಗಿ ಸಾಲು ಹಿಡಿದು ಕೂತವು. ಲಕ್ಕಪ್ಪನ ಮೈಯೂ ಅವನ್ನು ಒಪ್ಪಿಕೊಂಡಿತು.

ಹದಿನಾಲ್ಕು ಬಗೆಯ ಪರೀಕ್ಷೆ ಮಾಡಿದ್ದರು. ಕತ್ತಲಲ್ಲಿ ಸೂಜಿ ಆರಿಸಿದ, ಮೆಟ್ಟಿಲು ಇಳಿದ, ಸಣ್ಣ ದೊಡ್ಡ ಗುಂಡಿ ಬೇರೆ ಮಾಡಿದ. ಅವನನ್ನು ಒಂದು ಕುರಿಯ ಮುಂದೆ ನಿಲ್ಲಿಸಿ ನೋಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಫಾರ್ಮಿನೊಳಗ ಬರದಿದ್ವಿ ಮೇಡಂ," ಎಂದ ಇಮ್ತಿಯಾಜ್ ಮೆಲ್ಲಗೆ. "ಉದ್ಯೋಗ: ಕುರಿ ಕಾಯೋದು. ನನ್ನ ಕೈಲೇ ಬರದಿದ್ದೆ."

*

ಆ ವಾರವೇ ಇಬ್ಬರೂ ಹಟ್ಟಿಗೆ ಹೋದರು. ಹಟ್ಟಿ ಆಗ ಕುಷ್ಟಗಿಯ ಆಚೆ, ಕುರುಚಲು ಹುಲ್ಲಿನ ಬೋಳುಗುಡ್ಡದ ಬುಡದಲ್ಲಿತ್ತು. ಲಕ್ಕಪ್ಪನ ಹೆಂಡತಿ ಹಾಲವ್ವ ಚಹಾ ಕೊಟ್ಟಳು, ಜೊತೆಗೆ ಮಾತನ್ನೂ.

"ನೋಡ್ರಿ ಅಕ್ಕಾರ, ದನಿ ಇವಂದು, ಕಣ್ಣ ತ್ವಾಳದ್ದು. ಪಾಪ, ಅವಾದ್ರೂ ಯಾವದನ್ನ ನಂಬಬೇಕು? ನಾನ ಒಂದ ದಿನ ಬೆಚ್ಚಿ ಬಿದ್ದೆ. ಒಲಿ ಮುಂದ ಕುಂತೀನಿ, ಎದುರಿಗೆ ಎರಡ ಕೆಂಡ."

"ಕೆಂಡ ಅಲ್ಲ, ಲಿಂಬಿಹಣ್ಣು ಅಂದಿದ್ದಿ ಅವತ್ತ," ಎಂದ ಲಕ್ಕಪ್ಪ.

"ಹೌದ ಬಿಡು. ಹಣ್ಣ ಇದ್ರ ಉಪ್ಪಿನಕಾಯರ ಹಾಕ್ತಿದ್ದೆ."

ಸಂಜೆಯಾಯಿತು. ಹಟ್ಟಿಯ ನಡುವೆ ಗಳಕ್ಕೆ ತೂಗಿದ ಸೋಲಾರ್ ದೀಪ ತಾನೇ ಹೊತ್ತಿಕೊಂಡಿತು. ಲಕ್ಕಪ್ಪ ದೂರದಿಂದ ನಾಲ್ಕು ಹೆಜ್ಜೆ ಬಂದ. ಹಿಂಡು ಎದ್ದು ನಿಂತಿತು. ಅನಸೂಯಾ ಕುರಿಗಳ ನಡುವೆ, ದೀಪದ ಬುಡದಲ್ಲಿ ನಿಂತಿದ್ದಳು. ಕುರಿ ಏನು ನೋಡುತ್ತದೋ ಅದನ್ನೇ ಅವಳೂ ನೋಡಿದಳು: ಕಪ್ಪಿನಲ್ಲಿ ಎರಡು ಹಸಿರುಹಳದಿ ಚುಕ್ಕೆ. ಸುತ್ತಲಿನ ಕುರಿಗಳ ಕಣ್ಣೂ ಹೊಳೆಯುತ್ತಿದ್ದವು, ಆದರೆ ಅವು ನೀಲಿ. ಕುರಿಯ ಕನ್ನಡಿ ಕೋಶಗಳದ್ದಲ್ಲ, ನಾರಿನದು. ಇನ್ನೂರು ಜೋಡಿ ನೀಲಿಯ ಎದುರು ಒಂದು ಜೋಡಿ ಹಳದಿ.

ಅವಳಿಗೆ ಆಗ ಹೊಳೆಯಿತು. ಕಣ್ಣ ಕನ್ನಡಿ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ದೀಪ ಕುರಿಗಳ ನಡುವೆಯೇ ಇದೆ. ಅದಕ್ಕೇ ಹೊಳಪು ಕುರಿಗಳಿಗೇ ಕಾಣುತ್ತದೆ.

"ದೀಪ ಆರಿಸ್ರಿ!"

ದ್ಯಾಮಣ್ಣ ಗೊಣಗುತ್ತ ಆರಿಸಿದ. ಕತ್ತಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತು ಯಾರಿಗೂ ಏನೂ ಕಾಣಲಿಲ್ಲ, ಲಕ್ಕಪ್ಪನೊಬ್ಬನನ್ನು ಬಿಟ್ಟು. ಅವನ ಹಾಡು ಹತ್ತಿರ ಬರುವುದು ಕೇಳಿಸಿತು. ಬಲೆ ಸರಿದ ಸದ್ದು. ಆಮೇಲೆ ಹಿಂಡಿನ ನಡುವಿನಿಂದ ಅವನ ನಗು. "ಕುಂಟಿ ಬಂತ್ರಿ ಅಕ್ಕಾರ! ಕಂಬಳಿ ಹಿಡದೈತಿ!"

ಅನಸೂಯಾಳ ಕಣ್ಣು ಒದ್ದೆಯಾದವು. ದೀಪ ಆರಿಸಿದರೆ ಸಾಕು, ಇಷ್ಟು ಸಣ್ಣ ಮಾತು! ಅವಳು ದ್ಯಾಮಣ್ಣನಿದ್ದ ಕಡೆ ತಿರುಗಿ, "ಲಕ್ಕಪ್ಪನ ಪಾಳಿ ಇದ್ದ ದಿನ ದೀಪ ಬ್ಯಾಡ, ಉಳಿದ ದಿನ ಹಚ್ರಿ. ಮುಗೀತು," ಎಂದಳು.

"ಆಗಂಗಿಲ್ರಿ."

"ಯಾಕ? ಅವಂಗ ದೀಪ ಇಲ್ದೆ ಎಲ್ಲಾರಕಿಂತ ಚಲೋ ಕಾಣ್ತದ."

"ಅವಂಗ ಕಾಣ್ತೈತ್ರಿ. ಒಬ್ಬಂವಾ ಹಟ್ಟಿಯ ನಾಕೂ ಕಡೆ ನಿಲ್ಲಾಕ ಆಗತೈತೇನು? ಕರ್ರಗಾದ ಮ್ಯಾಲ ತ್ವಾಳ ಬಂತಂದ್ರ ನಾನು, ಸಣ್ಣ ತಮ್ಮ, ಹೆಣಮಕ್ಕಳು ಎದ್ದು ಎಲ್ಲಿ ಬಡೀಬೇಕು? ಈ ದೀಪ ಹಾಕಿದ ಮ್ಯಾಲ ಒಂದ ಮರಿ ಹೋಗಿಲ್ಲ. ಅದರ ಮೊದಲ ಏಳು ಹೋಗಿದ್ವು." ಅವನು ದೀಪ ಹಚ್ಚಿದ. ಕೂಡಲೇ ಒಳಗೆ ದಡದಡ ಸದ್ದು, ಲಕ್ಕಪ್ಪ ಮುಖ ಮುಚ್ಚಿಕೊಂಡು ಹೊರಗೆ ಓಡಿದ. "ಮೂರ ದಿನಕ್ಕೊಮ್ಮೆ ದೀಪ ಇಲ್ಲಂದ್ರ, ತ್ವಾಳಕ್ಕ ನಮ್ಮ ಪಾಳಿ ನಮಗಿಂತ ಮೊದಲ ತಿಳೀತೈತ್ರಿ. ಆ ದಿನಾನ ಬರ್ತೈತಿ."

ಅನಸೂಯಾ ಅವನ ಲೆಕ್ಕವನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ನೋಡಿದಳು. ಅವನ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಅದೇ ಅವಳಿಗೆ ತಡೆಯಲಾಗದ ಸಿಟ್ಟು ತಂದದ್ದು.

*

ಇನ್ನು ಉಳಿದದ್ದು ಹೊಳಪಿನ ಬಣ್ಣ ಬದಲಿಸುವುದು. ಹಳದಿಯನ್ನು ನೀಲಿ ಮಾಡಿದರೆ ಲಕ್ಕಪ್ಪನ ಕಣ್ಣು ಇನ್ನೂರು ಜೋಡಿಯಲ್ಲಿ ಇನ್ನೊಂದು ಜೋಡಿ, ಅಷ್ಟೇ.

ಕೋಶದೊಳಗಿನ ಸತು ಕಡಿಮೆಯಾದರೆ ಬಣ್ಣ ನೀಲಿಗೆ ತಿರುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತಟ್ಟೆಗಳಿಗೆ ಸತುವಿಲ್ಲದ ಆಹಾರ ಕೊಟ್ಟರು. ಹನ್ನೊಂದನೇ ದಿನ ಇಮ್ತಿಯಾಜ್ ಓಡಿ ಬಂದ: "ಮೇಡಂ, ನೀಲಿ!" ಹದಿನಾಲ್ಕನೇ ದಿನ ತಟ್ಟೆಯಲ್ಲಿ ಇಟ್ಟಿಗೆ ಗೋಡೆ ಕುಸಿದು ಬಿದ್ದಿತ್ತು. ಎರಡನೇ ಸಲ ನಿಧಾನವಾಗಿ ಕಡಿಮೆ ಮಾಡಿದರು. ಹದಿನೇಳನೇ ದಿನ ನೀಲಿ, ಇಪ್ಪತ್ತನೇ ದಿನ ಸಾವು. ಮೂರನೇ ಸಲ ಅರ್ಧಕ್ಕೆ ನಿಲ್ಲಿಸಿದರು. ಕೋಶಗಳು ಬದುಕಿದವು, ಹಳದಿಗೇ ಮರಳಿದವು. ನಾಲ್ಕನೇ ಸಲ ಕರೆಂಟು ಹೋಗಿ, ಜನರೇಟರ್ ಹೊತ್ತಿಕೊಳ್ಳದೆ, ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾಗಿ ಎಲ್ಲವೂ ಹೋದವು. ಇಮ್ತಿಯಾಜ್ ತಟ್ಟೆಗಳನ್ನು ಒಂದೊಂದಾಗಿ ಕಸದ ಡಬ್ಬಿಗೆ ಹಾಕುತ್ತ, "ಇದೂ ಹೋತು. ಇದೂ ಹೋತು," ಎನ್ನುತ್ತಿದ್ದ. "ಬಾಯಿ ಮುಚ್ಚು ಇಮ್ತಿಯಾಜ್," ಎಂದಳು ಅನಸೂಯಾ. ಒಂಬತ್ತು ವರ್ಷದಲ್ಲಿ ಅವಳು ಅವನಿಗೆ ಹಾಗೆ ಅಂದದ್ದು ಅದೇ ಮೊದಲು. ಅವನು ಮುಚ್ಚಿದ. ಅದರಿಂದ ಇನ್ನೂ ಕಷ್ಟವಾಯಿತು.

ಮನೆಯಲ್ಲಿ ಅಡುಗೆ ಕಟ್ಟೆಯ ಮುಂದೆ ಅವಳು ಸುಮ್ಮನೆ ನಿಂತುಬಿಡುತ್ತಿದ್ದಳು, ಹಾಲು ಉಕ್ಕಿ ಹೋಗುತ್ತಿತ್ತು. ಬೆಳಗ್ಗೆ ಸ್ತೋತ್ರ ಹೇಳಲು ಕೂತರೆ ನಡುವೆ ಸಾಲು ತಪ್ಪುತ್ತಿತ್ತು. ಎಳೆತನದಿಂದ ಕಿವಿಗೆ ಬಿದ್ದು ನಾಲಿಗೆಗೆ ಅಂಟಿದ ಸಾಲುಗಳವು. ಅವಳಿಗೆ ದಿನಗಳ ಲೆಕ್ಕ ಬಿಡುತ್ತಿರಲಿಲ್ಲ. ಕಸಿ ಮಾಡಿದ ಆರು ತಿಂಗಳೊಳಗೆ ಔಷಧಿ ಕೊಟ್ಟು ಆ ಪದರವನ್ನು ಕರಗಿಸಿ ತೆಗೆಯಬಹುದು, ಬೇರೆ ಪದರ ಇಡಬಹುದು. ಆಮೇಲೆ ಅದು ಕಣ್ಣಿಗೆ ಬೆಸೆದುಕೊಳ್ಳುತ್ತದೆ. ಕೀಳಲು ಹೋದರೆ ರೆಟಿನಾವೇ ಕಿತ್ತು ಬರುತ್ತದೆ. ನಾಲ್ಕು ತಿಂಗಳು ಆಗಲೇ ಕಳೆದಿತ್ತು.

ಉತ್ತರ ಕೊನೆಗೆ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಸಿಕ್ಕಿತು. ಮರಿಗಳು! ತೋಳ, ನಾಯಿ ಜಾತಿಯ ಪ್ರಾಣಿಗಳೆಲ್ಲದರ ಎಳೆಯ ಮರಿಗಳ ಕಣ್ಣ ಹೊಳಪು ನೀಲಿ. ನಾಲ್ಕು ತಿಂಗಳಾಗುವಷ್ಟರಲ್ಲಿ ಸತು ತುಂಬಿ ಹಸಿರಾಗಿ, ಹಳದಿಯಾಗುತ್ತದೆ. ಬೆಳೆದ ಕೋಶವನ್ನು ಹಿಂದಕ್ಕೆ ನಡೆಸಲು ಅವಳಿಗೆ ಆಗಿರಲಿಲ್ಲ. ಬೆಳೆಯದ ಕೋಶವನ್ನು ಇದ್ದಲ್ಲೇ ನಿಲ್ಲಿಸುವ ಔಷಧಿ ಅವಳ ಫ್ರಿಜ್ಜಿನಲ್ಲೇ ಇತ್ತು. ಬೇಕಾದದ್ದು ಎರಡು ತಿಂಗಳೊಳಗಿನ ಒಂದು ತೋಳದ ಮರಿಯ ಕಣ್ಣು. ಅದೂ ಹೆದ್ದಾರಿಯಲ್ಲಿ ಸತ್ತ ಆ ಹೆಣ್ಣು ತೋಳದ ಬಳಗದ್ದು, ಏಕೆಂದರೆ ಲಕ್ಕಪ್ಪನ ಮೈ ಒಪ್ಪಿದ್ದು ಆ ರಕ್ತವನ್ನು.

ಅರಣ್ಯ ಇಲಾಖೆಗೆ ಬರೆದಳು. ಉತ್ತರ ಎರಡೇ ಸಾಲು: ತಾನಾಗಿ ಸತ್ತ ಮರಿ ಸಿಕ್ಕರೆ, ಅಧಿಕಾರಿಯ ಎದುರು, ಕಣ್ಣು ತೆಗೆಯಬಹುದು. ಜೀವಂತ ಮರಿಯನ್ನು ಮುಟ್ಟುವಂತಿಲ್ಲ.

*

ಆ ದಿನಗಳಲ್ಲಿ ಲಕ್ಕಪ್ಪ ಹೊತ್ತು ಮುಳುಗುವ ಮೊದಲೇ ಹಟ್ಟಿ ಬಿಟ್ಟು ಗುಡ್ಡದ ಓರೆಯ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದ. ಹಾಲವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಅಲ್ಲಿಗೇ ಬರುತ್ತಿದ್ದಳು.

"ಮದಿವ್ಯಾಗಿ ಇಪ್ಪತ್ತು ವರ್ಷಕ್ಕ ಬುತ್ತಿ ಹೊತ್ತ ಗಂಡನ್ನ ಹುಡಿಕ್ಕೊಂಡ ಬರೂದಾತು," ಎಂದು ಗೊಣಗುತ್ತ ಕೂತಳು. "ಇಲ್ಲಿ ಕುಂತ ಏನ್ ನೋಡ್ತಿ?"

"ಏನೈತಿ ಅದನ್ನ."

ಮಬ್ಬು ಕವಿದಿತ್ತು. ಅವಳಿಗೆ ಗುಡ್ಡದ ಗೆರೆಯಷ್ಟೇ ಕಾಣುತ್ತಿತ್ತು. ಅವನಿಗೆ ಹುಲ್ಲಿನ ಒಂದೊಂದು ಎಳೆ, ಹಾರುವ ಒಂದೊಂದು ಹುಳ, ಎದುರಿನ ಕೊರಕಲಿನಲ್ಲಿ ಬಂಡೆಯ ಕೆಳಗಿನ ಗವಿಯ ಬಾಯಿ, ಅದರ ಮುಂದೆ ಒಂದರ ಬಾಲ ಒಂದು ಕಚ್ಚುತ್ತ ಉರುಳಾಡುವ ಐದು ತೋಳಮರಿ. ಹಗಲಿನಲ್ಲಿ ನೋಡಿದರೆ ಅಲ್ಲಿ ಬರೀ ಕಲ್ಲು. ಮಂದಿ ಓಡಾಡುವಷ್ಟು ಹೊತ್ತೂ ಅವು ಹೊರಗೆ ಬರುತ್ತಲೇ ಇರಲಿಲ್ಲ.

ಮೊದಲ ದಿನ ತಾಯಿತೋಳ ಅವನನ್ನು ಕಂಡು ನಿಂತಿತ್ತು. ಅವನೂ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅದು ಅಲ್ಲೇ ಮಲಗಿ ಮರಿಗಳಿಗೆ ಮೊಲೆ ಕೊಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಸಂಜೆಯ ಹೊತ್ತಿನಲ್ಲಿ ಅವನನ್ನು ನೋಡಿಯೂ ಓಡದ ಪ್ರಾಣಿ ಅದೊಂದೇ. ಏಳು ಕುರಿಮರಿ ತಿಂದ ಜಾತಿ ಅದು, ಅವನಿಗೆ ಗೊತ್ತಿತ್ತು. ಕಲ್ಲು ಎತ್ತಿಕೊಂಡಿದ್ದ ಕೂಡ. ಎಸೆಯಲಿಲ್ಲ.

ಹೆಂಡತಿಗೆ ಹೇಳಿದ. ಹಾಲವ್ವ ಮರುದಿನ ಫೋನಿನಲ್ಲಿ ಅನಸೂಯಾಳಿಗೆ ಹೇಳಿದಳು: "ನಿಮ್ಮ ಕಣ್ಣ ಹಾಕ್ಕೊಂಡು ನನ ಗಂಡ ತ್ವಾಳದ ಸಂಸಾರ ನೋಡಾಕತ್ತಾನ್ರಿ, ಐದ ಮರಿ ಅದಾವಂತ." ನಗುತ್ತಲೇ ಹೇಳಿದ್ದಳು. "ಮರಿ ಎಷ್ಟು ದೊಡ್ಡವು?" ಎಂದು ಆ ಕಡೆಯಿಂದ ಪ್ರಶ್ನೆ ಬಂತು.

*

ಎಳ್ಳ ಅಮಾವಾಸ್ಯೆಗೆ ಎಂಟು ದಿನವಿರುವಾಗ ಅನಸೂಯಾ ಮತ್ತು ಇಮ್ತಿಯಾಜ್ ಮತ್ತೆ ಬಂದರು. ಮಧ್ಯಾಹ್ನದ ಬಿಸಿಲು. ಜಾಲಿಯ ನೆರಳಿನಲ್ಲಿ ಎಲ್ಲರೂ ಕೂತರು. ಅನಸೂಯಾ ನೀಲಿಯ ವಿಷಯವನ್ನು ಬಿಡಿಸಿ ಹೇಳಿದಳು; ಹೆದ್ದಾರಿಯಲ್ಲಿ ಸತ್ತ ತೋಳ ಈ ಗುಡ್ಡದ ಬಳಗದ್ದೇ ಎಂದು ಅರಣ್ಯ ಇಲಾಖೆಯವರು ತಿಳಿಸಿದ್ದನ್ನೂ. ಹಟ್ಟಿಯೊಳಗೆ ದೀಪ ಉರಿಯುತ್ತಿದ್ದರೂ ಕುರಿ ಹೆದರುವುದಿಲ್ಲ, ಲಕ್ಕಪ್ಪ ಪಾಳಿ ಕಾಯಬಹುದು, ಎಲ್ಲಿಗೂ ಹೋಗಬೇಕಿಲ್ಲ. ಆರು ತಿಂಗಳ ಗಡುವಿಗೆ ಉಳಿದದ್ದು ಐದೇ ವಾರ, ಕೋಶ ಬೆಳೆಸಲು ನಾಲ್ಕು ವಾರ ಬೇಕು. ಅದಕ್ಕೇ ಈಗಲೇ ಆಗಬೇಕು.

"ಅಷ್ಟಾದ್ರ ನಾ ಕೋಲು ಕೇಳಂಗಿಲ್ಲ," ಎಂದ ದ್ಯಾಮಣ್ಣ. "ದೇವರಾಣಿ. ನನಗೇನ್ ತಮ್ಮನ್ನ ಕಳಸೂ ಹೌಸೇನ್ರಿ?"

"ಗವಿ ಎಲ್ಲದ ಅಂತ ತೋರಿಸಿದ್ರ ಸಾಕು, ಲಕ್ಕಪ್ಪ. ನಾವು ಮುಟ್ಟಂಗಿಲ್ಲ. ಒಂದು ಕ್ಯಾಮೆರಾ ಇಡ್ತೀವಿ. ಐದರೊಳಗ ಒಂದೆರಡು ಹೆಂಗೂ ಬದುಕೂದಿಲ್ಲ, ಅದು ಕಾಡಿನ ರೀತಿ. ಸತ್ತದ್ದನ್ನ ತಗೋತೀವಿ. ಸರ್ಕಾರದ ಕಾಗದ ಅದ ನನ್ನ ಹತ್ರ."

ಲಕ್ಕಪ್ಪ ಕಾಗದ ನೋಡಲಿಲ್ಲ. "ಸತ್ತು ಎಷ್ಟು ತಾಸಿನಾಗ ತಗೀಬೇಕ್ರಿ ಕಣ್ಣು?"

"ಮೂರು ತಾಸು."

"ಮರಿ ಸತ್ರ ತಾಯಿ ಒಯ್ದು ಹುಗೀತೈತಿ, ಇಲ್ಲಾ ತಿಂತೈತಿ. ಮೂರು ತಾಸು ಬಿಡಂಗಿಲ್ಲ."

"ಅದಕ್ಕ ಕ್ಯಾಮೆರಾ. ಸತ್ತ ಕೂಡ್ಲೇ ಗೊತ್ತಾಗ್ತದ."

"ನೀವು ಹೇಳಿದ ದಿನದೊಳಗ ಐದೂ ಬದುಕಿದ್ವಂದ್ರ?"

ಅನಸೂಯಾ ಕಾಗದವನ್ನು ಮತ್ತೆ ಮಡಚಿದಳು. ಇಮ್ತಿಯಾಜ್ ತನ್ನ ಚಪ್ಪಲಿಯ ಕಡೆ ನೋಡಿದ. ಹಾಗೇನಾದರೂ ಆದರೆ ಏನು ಮಾಡುತ್ತೇನೆಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು. ಒಳಗಿನಿಂದ ಬಂದ ಉತ್ತರ ಅವಳಿಗೆ ಹಿಡಿಸಲಿಲ್ಲ.

"ನಾವ ಒಂದ ಸ್ವಲ್ಪ ಆ ಕಡೆ ಕಲ್ಲ ಉಳ್ಳಿಸಿದ್ರ ಆತಲ್ಲ," ಎಂದ ದ್ಯಾಮಣ್ಣ ಸಹಜವಾಗಿ. "ಕಲ್ಲ ಬಿದ್ದು ಸತ್ರ ಅದೂ ತಾನ ಸತ್ತಂಗ."

"ದ್ಯಾಮಣ್ಣಾರ, ಹಂಗ ಮಾತಾಡಬ್ಯಾಡ್ರಿ," ಎಂದಳು ಅನಸೂಯಾ. ಅವಳ ದನಿಯಲ್ಲಿ ಬೇಕಾದಷ್ಟು ಬಲವಿರಲಿಲ್ಲ.

ಹಾಲವ್ವ ಗಂಡನ ಪಕ್ಕಕ್ಕೆ ಸರಿದು ಕೂತಳು. ತಮಾಷೆ ಅವಳ ಮುಖದಿಂದ ಹೋಗಿತ್ತು. "ತೋರಿಸು ಮಾರಾಯ. ಒಂದ ಮರಿ. ಅವು ನಮ್ಮವು ಏಳು ತಿಂದಾವ. ನೀ ಊರಾಗ ಹೆಂಗ ಇರ್ತಿ? ಕಟ್ಟಿ ಮ್ಯಾಲ ಕುಂತು ಸಾಯ್ತಿ ನೀ. ನಾ ನೋಡಾಕ ಆಗಂಗಿಲ್ಲ."

ಲಕ್ಕಪ್ಪ ಗುಡ್ಡದ ಕಡೆ ನೋಡಿದ. ಕುರಿಗಳು ಸುತ್ತಲೂ ಮೇಯುತ್ತಿದ್ದವು. ಒಂದು ಬಂದು ಅವನ ಮೊಣಕಾಲಿಗೆ ಮೈ ಉಜ್ಜಿ ಹೋಯಿತು. ಅವನು ಮಗ್ಗುಲಲ್ಲಿದ್ದ ಕೋಲನ್ನು ಎತ್ತಿ ಅಣ್ಣನ ತೊಡೆಯ ಮೇಲೆ ಅಡ್ಡ ಇಟ್ಟ. ಆಮೇಲೆ ಅನಸೂಯಾಳ ಕಡೆ ತಿರುಗಿದ.

"ಇಲ್ರಿ ಅಕ್ಕಾರ. ನಾ ತೋರ್ಸಂಗಿಲ್ಲ."